ನಿದ್ದೆ ಕೇಳುತ್ತಿದ್ದವರು

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವನು ಬಸ್ ಕಂಡಕ್ಟರ್. ಆನಂದಪುರದ ಶಾಲೆಯಲ್ಲಿ ಪಾಠ ಮುಗಿಸಿ, ತೀರ್ಥಹಳ್ಳಿ ಕಡೆಯಿಂದ ಬರುವ ಸಂಜೆಯ ಬಸ್ಸು ಹತ್ತಿ ಸಾಗರಕ್ಕೆ ಮನೆಗೆ ಹೊರಟಿದ್ದೆ. ಅವನು ಚೀಟಿ ಹರಿದು ಕೊಟ್ಟವನು ಮುಂದಿನ ಸೀಟಿಗೆ ಹೋಗದೆ ಕಂಬ ಹಿಡಿದು ಅಲ್ಲೇ ನಿಂತ.

“ನಿದ್ದೆ ಡಾಕ್ಟ್ರು ಹೋದ್ರಕ್ಕ.”

“ಯಾವಾಗ?”

“ಮೊನ್ನೆ. ನಮ್ ಬಸ್ಸಲ್ಲೇ. ಅದೇ ಕಿಟಕಿ ಸೀಟು. ಹುಂಚ ಬಂತು, ಕಣ್ಣು ಬಿಡ್ಲಿಲ್ಲ. ರಿಪ್ಪನ್‌ಪೇಟೆ ಬಂತು, ಆಗ್ಲೂ ಬಿಡ್ಲಿಲ್ಲ. ನಿದ್ದೇಲೇ ಹೋಗಿದಾರೆ.”

“ಟಿಕೆಟ್ ಎಲ್ಲಿವರೆಗೆ ತಗೊಂಡಿದ್ರು?” ಎಂದು ಕೇಳಿದೆ. ಆ ಹೊತ್ತಿನಲ್ಲಿ ಯಾಕೆ ಆ ಪ್ರಶ್ನೆ ಬಂತೋ ನನಗೆ ಗೊತ್ತಿಲ್ಲ. ಅವನಿಗೆ ಅದು ವಿಚಿತ್ರ ಅನ್ನಿಸಲಿಲ್ಲ.

“ಸಾಗರಕ್ಕೆ. ಹೋಗಿ ಬರೋದಕ್ಕೆ,” ಎಂದ. ಆಮೇಲೆ ಯಾರೋ ಸೀಟಿ ಹೊಡೆಯಲು ಹೇಳಿದರು, ಹೊಡೆದ.

ಅವರಿಗೆ ಒಂದು ಹೆಸರಿತ್ತು. ಮೂರು ತಾಲ್ಲೂಕಿನಲ್ಲಿ ಅದನ್ನು ಯಾರೂ ಬಳಸುತ್ತಿರಲಿಲ್ಲವಾದ್ದರಿಂದ ನಾನೂ ಇಲ್ಲಿ ಬಳಸುವುದಿಲ್ಲ. ಸೋಮವಾರ ಸಾಗರ, ಬುಧವಾರ ಹೊಸನಗರ, ಶುಕ್ರವಾರ ತೀರ್ಥಹಳ್ಳಿ. ದೊಡ್ಡ ಕಾಯಿಲೆ ಬಿದ್ದ, ಇನ್ನೂ ಮದುವೆಯಾಗದ ವಯಸ್ಸಿನ ಹುಡುಗ ಹುಡುಗಿಯರನ್ನು ನೋಡುವುದು ಅವರ ಕೆಲಸ. ಹೃದಯ, ಮೂತ್ರಪಿಂಡ, ಕ್ಷಯ, ಹೀಗೆ ಬೇಗ ಬಿಟ್ಟುಹೋಗದ ಕಾಯಿಲೆಗಳು. ಒಂದು ವಾರ ತಪ್ಪಿಸಿದವರು ಮುಂದಿನ ವಾರದವರೆಗೆ ಕಾಯುವ ಹಾಗಿಲ್ಲ. ಸೋಮವಾರ ಸಾಗರದಲ್ಲಿ ಸಿಗದಿದ್ದರೆ ಬುಧವಾರ ಹೊಸನಗರಕ್ಕೆ ಬಸ್ಸು ಹತ್ತಬೇಕು. ಹಾಗಾಗಿ ಮೂರೂ ಊರಿನ ಕಾಯಿಲೆಯವರಲ್ಲಿ ಒಬ್ಬರ ಪರಿಚಯ ಇನ್ನೊಬ್ಬರಿಗಿತ್ತು. ಈಗ ಕಂಡಕ್ಟರ್ ಆಗಿರುವವನು ಆಗ ಹುಂಚದಿಂದ ಬರುತ್ತಿದ್ದ ಕೆಮ್ಮಿನ ಹುಡುಗ.

ನೋಡಲು ಅವರು ಡಾಕ್ಟರರ ಹಾಗೆ ಇರಲಿಲ್ಲ. ಕುಳ್ಳಗೆ, ಗಟ್ಟಿಯಾಗಿ, ಗಂಡಸರ ಕೈಗಡಿಯಾರ ಕಟ್ಟಿಕೊಂಡು, ಎಣ್ಣೆಗೆಂಪು ಬಣ್ಣದ ಒಂದು ಸೀರೆ ಮತ್ತು ಅದೇ ಬಣ್ಣದ ಇನ್ನೊಂದು ಸೀರೆ ಉಡುತ್ತಿದ್ದರು. ಮಂಡ್ಯದ ಕಡೆಯವರು. ಮಲೆನಾಡಿಗೆ ಬಂದು ಎಷ್ಟು ವರ್ಷವಾದರೂ ಇಲ್ಲಿನ ಜನ ಯಾಕೆ ಗಟ್ಟಿಯಾಗಿ ಮಾತಾಡುವುದಿಲ್ಲ ಎಂದು ಅವರಿಗೆ ಅರ್ಥವಾಗಿರಲಿಲ್ಲ. ಬಸ್ಸಿನಲ್ಲಿ ಕೂತ ಕೂಡಲೇ ನಿದ್ದೆ ಹೋಗುತ್ತಿದ್ದರು. ಬಾಯಿ ಮುಚ್ಚಿ, ಕೊರಳು ನೆಟ್ಟಗೆ ಇಟ್ಟು, ಚೀಲ ತೊಡೆಯ ಮೇಲೆ. ಇಳಿಯುವ ಊರಿನ ಮೊದಲ ಮನೆ ಕಾಣುವಾಗ ತಾವಾಗಿ ಕಣ್ಣು ಬಿಡುತ್ತಿದ್ದರು. ಅವರನ್ನು ಯಾರೂ ಎಬ್ಬಿಸಿದ್ದು ನಾನು ನೋಡಿಲ್ಲ.

ಎದುರು ಸಿಕ್ಕವರನ್ನೆಲ್ಲ ಅವರು ಮೊದಲು ಕೇಳುತ್ತಿದ್ದುದು ಒಂದೇ: “ನಿದ್ದೆ ಹೇಗಿತ್ತು?” ಹೋಟೆಲಿನ ಮಾಣಿಯನ್ನೂ ಕೇಳುತ್ತಿದ್ದರು, ತಹಶೀಲ್ದಾರರನ್ನೂ ಕೇಳಿದ್ದರು. ತಹಶೀಲ್ದಾರರು ತಮಗೆ ಯಾರೋ ಆಗದವರು ದೂರು ಕೊಟ್ಟಿದ್ದಾರೆ ಎಂದು ತಿಳಿದುಕೊಂಡು, ತಾವು ಕಚೇರಿಯಲ್ಲಿ ಯಾವತ್ತೂ ಮಲಗಿಲ್ಲ ಎಂದರಂತೆ.

ನಮಗೆಲ್ಲ ಒಂದೊಂದು ಡೈರಿ ಕೊಟ್ಟಿದ್ದರು. ಅಂಗಿ ಜೇಬಿಗೆ ಹೋಗುವಷ್ಟು ಚಿಕ್ಕದು. ಗೊಬ್ಬರದಂಗಡಿಯವರು ಗಿರಾಕಿಗಳಿಗೆ ಹಂಚಿ ಉಳಿದದ್ದನ್ನು ಕೇಳಿ ಇಸಿದುಕೊಂಡು ಬರುತ್ತಿದ್ದರು. ಮೊದಲ ಪುಟದಲ್ಲಿ ಎಕರೆಗೆ ಎಷ್ಟು ಯೂರಿಯಾ ಎಂಬ ಕೋಷ್ಟಕ. ಉಳಿದ ಡೈರಿಗಳಾದ್ದರಿಂದ ಇಸವಿ ಹಿಂದಿನದು. ಪುಟದಲ್ಲಿ ಭಾನುವಾರ ಎಂದಿದ್ದರೆ ಆ ದಿನ ನಿಜವಾಗಿ ಸೋಮವಾರ. ಇದನ್ನು ಸರಿಮಾಡಬಾರದೇ ಎಂದು ನಾನು ಕೇಳಿದ್ದೆ. “ನಿನಗೆ ಗೊತ್ತಿದೆಯಲ್ಲ, ಸಾಕು,” ಎಂದರು.

ಡೈರಿಯನ್ನು ಮನೆಯಲ್ಲಿ ಬಿಡುವ ಹಾಗಿಲ್ಲ. ಮದುವೆಗೆ ಹೋಗಲಿ, ತೋಟಕ್ಕೆ ಹೋಗಲಿ, ಬಸ್ಸಿನಲ್ಲಿರಲಿ, ಮೈಮೇಲೆ ಇರಬೇಕು. ಎದ್ದ ಕೂಡಲೇ ನಿದ್ದೆಯ ವಿಷಯ ಬರೆಯಬೇಕು: ಎಷ್ಟು ಸಲ ಎಚ್ಚರವಾಯಿತು, ಯಾಕೆ, ತಲೆಗೆ ಎಷ್ಟು ದಿಂಬು. ಹಗಲಿನಲ್ಲಿ ಮನಸ್ಸು ಬದಲಾದಾಗೆಲ್ಲ, ಅದು ಬದಲಾದ ಜಾಗದಲ್ಲೇ, ಒಂದು ಸಾಲು. ಸಂಜೆ ಮನೆಗೆ ಬಂದು ನೆನಪು ಮಾಡಿಕೊಂಡು ಬರೆದದ್ದು ಅವರಿಗೆ ಹೇಗೋ ಗೊತ್ತಾಗಿಬಿಡುತ್ತಿತ್ತು. “ಇದು ಒಂದೇ ಕೂತಲ್ಲಿ ಬರೆದದ್ದು. ಅಕ್ಷರ ಎಲ್ಲ ಒಂದೇ ಥರ ದುಂಡಗಿದೆ,” ಎನ್ನುತ್ತಿದ್ದರು.

ಡೈರಿಯನ್ನು ಅವರು ಕೈಗೆ ತೆಗೆದುಕೊಂಡು ಓದುತ್ತಿರಲಿಲ್ಲ. ಬರೆದವರೇ ಗಟ್ಟಿಯಾಗಿ ಓದಬೇಕು. ಅವರು ಕೇಳಿಸಿಕೊಂಡು ತಮ್ಮ ಕಾಗದದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಓದುವಾಗ ಯಾರಾದರೂ ಅತ್ತರೆ ಸಮಾಧಾನ ಹೇಳುತ್ತಿರಲಿಲ್ಲ. ಅಳು ನಿಲ್ಲುವವರೆಗೆ ಕೈಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು. ನಿಂತ ಮೇಲೆ, “ಆಯ್ತಾ? ಮುಂದಿನ ಪುಟ.”

ಮೊದಮೊದಲು ಈ ಏರ್ಪಾಡು ಕೆಲಸ ಮಾಡಲಿಲ್ಲ. ನಿದ್ದೆಯ ಲೆಕ್ಕ ಹೇಗೋ ಬರುತ್ತಿತ್ತು. ಮನಸ್ಸಿನ ಜಾಗದಲ್ಲಿ ಮೂರು ತಾಲ್ಲೂಕಿನವರೂ ಒಂದೇ ಮಾತು ಬರೆದಿದ್ದರು: ಅಡ್ಡಿಲ್ಲ. ನಮ್ಮ ಕಡೆ ಡಾಕ್ಟರು, ಮೇಷ್ಟ್ರು, ನೆಂಟರು, ಯಾರು ಹೇಗಿದ್ದೀಯ ಎಂದು ಕೇಳಿದರೂ ಅಡ್ಡಿಲ್ಲ ಎನ್ನುವುದು ಮರ್ಯಾದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಕೇಳಿದವರಿಗೆ ತೊಂದರೆ ಕೊಟ್ಟ ಹಾಗೆ.

ಕವಲೇದುರ್ಗದ ಕೆಳಗಿನ ಊರಿನಿಂದ ಒಬ್ಬ ಹುಡುಗಿ ಬರುತ್ತಿದ್ದಳು. ನನಗಿಂತ ಒಂದು ವರ್ಷ ದೊಡ್ಡವಳು. ಮೂತ್ರಪಿಂಡದ ಕಾಯಿಲೆ, ಮುಖ ಊದಿಕೊಂಡಿರುತ್ತಿತ್ತು. ಒಂದು ಶುಕ್ರವಾರ ಅವಳು ಓದುತ್ತಿದ್ದಾಗ ಡಾಕ್ಟರು ತಡೆದರು.

“ನಿಲ್ಲು. ಆ ದಿನ ನಿನಗೆ ಜ್ಞಾನವೇ ಇರಲಿಲ್ಲ. ಜೀಪಿನಲ್ಲಿ ಕರೆದುಕೊಂಡು ಬಂದರು. ಆ ದಿನವೂ ಅಡ್ಡಿಲ್ಲ ಅಂತ ಇದೆಯಲ್ಲ?”

ಹುಡುಗಿ ತಾಯಿಯ ಮುಖ ನೋಡಿದಳು. ತಾಯಿ, “ಅದು ನಾನು ಬರೆಸಿದ್ದು ಡಾಕ್ಟ್ರೇ. ಪುಟ ಖಾಲಿ ಬಿಡ್ಬಾರ್ದು ಅಂದಿದ್ರಲ್ಲ,” ಎಂದರು.

“ಅವಳಿಗೆ ಜ್ಞಾನ ಇಲ್ಲದಿದ್ದಾಗ ಅಡ್ಡಿಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ಎಚ್ಚರ ಇದ್ದಿದ್ರೆ ಹಂಗೇ ಹೇಳ್ತಿದ್ಲು.”

ಡಾಕ್ಟರು ಕಾಗದದ ಮೇಲೆ ಬಾಗಿದರು. ಗುರುತು ಹಾಕಿದರೋ ಇಲ್ಲವೋ ಕಾಣಲಿಲ್ಲ.

ಈ ತೊಡಕು ಬಗೆಹರಿದದ್ದು ನನ್ನ ಅಪ್ಪನಿಂದ, ಅವನಿಗೆ ಗೊತ್ತಿಲ್ಲದೆ. ಅಪ್ಪ ಸಾಗರದ ಅಡಿಕೆ ಮಂಡಿಯಲ್ಲಿ ದರ್ಜೆ ನೋಡುವ ಕೆಲಸದಲ್ಲಿದ್ದ. ಮೂಟೆಗೆ ಕೈ ಹಾಕಿ, ನಾಲ್ಕು ಅಡಿಕೆ ತೆಗೆದು, ಒಂದನ್ನು ಒಡೆದು ನೋಡಿ ಇದು ಇಂಥದ್ದು ಎನ್ನುತ್ತಿದ್ದ. ಅವನು ಹೇಳಿದ ಮೇಲೆ ಚರ್ಚೆಯಿಲ್ಲ. ಮನೆಯಲ್ಲಿ ಹೆಚ್ಚು ಮಾತಿಲ್ಲ. ನನ್ನ ಹೃದಯದ ಬಗ್ಗೆಯಂತೂ ಮಾತೇ ಇಲ್ಲ. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಒಂದು ಕವಾಟವನ್ನು ಕೆಡಿಸಿ ಹೋಗಿತ್ತು. ಇದಕ್ಕಿಂತ ಹೆಚ್ಚು ವಿವರ ಇಲ್ಲಿ ಬೇಕಿಲ್ಲ.

ಒಂದು ಸೋಮವಾರ ನನ್ನ ಸರದಿ ಮುಗಿದ ಮೇಲೆ ಡಾಕ್ಟರು ಚೀಲದಿಂದ ಡಬ್ಬಿ ತೆಗೆದು ಒಂದು ಹೋಳು ಅಡಿಕೆ ಬಾಯಿಗೆ ಹಾಕಿಕೊಂಡರು. ಅಪ್ಪನಿಗೂ ಡಬ್ಬಿ ಚಾಚಿದರು. ಅಪ್ಪ ಒಂದು ಹೋಳು ತೆಗೆದು ಬೆಳಕಿಗೆ ಹಿಡಿದು, ಮತ್ತೆ ಡಬ್ಬಿಗೇ ಹಾಕಿದ.

“ಯಾರು ಕೊಟ್ರು ಇದನ್ನ?”

“ಯಾಕ್ರೀ? ಒಬ್ಬರು ಪೇಷೆಂಟು ಪ್ರೀತಿಯಿಂದ ಕೊಟ್ಟಿದ್ದು.”

“ಗೊರಬಲು. ಉಗೀರಿ.”

“ಹಾಗಂದ್ರೆ?”

ಅಪ್ಪ ಹೇಳಿದ. ಹಸ ಎಲ್ಲಕ್ಕಿಂತ ಮೇಲಿನದು, ಆಮೇಲೆ ಬೆಟ್ಟೆ, ಆಮೇಲೆ ಇಡಿ, ಕೊನೆಗೆ ಗೊರಬಲು. ಹಸವನ್ನು ಬೆಟ್ಟೆ ಅಂದರೆ ಬೆಳೆದವನಿಗೆ ಮೋಸ, ಬೆಟ್ಟೆಯನ್ನು ಹಸ ಅಂದರೆ ಕೊಂಡವನಿಗೆ ಮೋಸ. ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

“ಅಲ್ರೀ, ಪ್ರೀತಿಯಿಂದ ಕೊಟ್ಟಿದ್ದು ಅಂದ್ರೂ ಗೊರಬಲು ಅಂದ್ರಲ್ಲ. ಬೇಜಾರಾಗತ್ತೆ ಅನ್ನಿಸಲಿಲ್ವಾ?”

“ಅಡಿಕೆ ವಿಷ್ಯ ಅಲ್ವಾ,” ಎಂದ ಅಪ್ಪ. “ಅದ್ರಲ್ಲೆಂತ ದಾಕ್ಷಿಣ್ಯ?”

ಮುಂದಿನ ವಾರದಿಂದ ಅಡ್ಡಿಲ್ಲ ಎಂದು ಬರೆಯುವುದು ನಿಷಿದ್ಧವಾಯಿತು. ಮನಸ್ಸಿಗೆ ನಾಲ್ಕು ದರ್ಜೆ: ಹಸ, ಬೆಟ್ಟೆ, ಇಡಿ, ಗೊರಬಲು. ಪೇಟೆ ಧಾರಣೆ ರೇಡಿಯೋದಲ್ಲಿ ಬರುತ್ತಿದ್ದುದರಿಂದ ಚಿಕ್ಕ ಮಕ್ಕಳಿಗೂ ಅದು ಗೊತ್ತಿತ್ತು. ಒಂದೇ ತಿಂಗಳಲ್ಲಿ, ಹೇಗಿದ್ದೀಯ ಎಂದರೆ ತಲೆ ತಗ್ಗಿಸುತ್ತಿದ್ದವರೆಲ್ಲ “ಬೆಳಿಗ್ಗೆ ಗೊರಬಲು, ಮಧ್ಯಾಹ್ನ ಅತ್ತೆ ಬಂದ್ರು, ಇಡಿ, ಅತ್ತೆ ಹೋದ್ರು, ಬೆಟ್ಟೆ,” ಎಂದು ಓದತೊಡಗಿದರು. ಹುಂಚದ ಹುಡುಗ ಮಾತ್ರ ತಕರಾರು ತೆಗೆದ.

“ನಮ್ಮನೇಲಿ ಅಡಿಕೆ ಇಲ್ಲ ಡಾಕ್ಟ್ರೇ. ನಂಗೆ ಬೇರೆ ಕೊಡಿ.”

“ಏನು ಗೊತ್ತು ನಿನಗೆ?”

“ಬಸ್ಸು.”

ಹಾಗಾಗಿ ಅವನಿಗೆ ಬೇರೆ ದರ್ಜೆ: ಎಕ್ಸ್‌ಪ್ರೆಸ್, ಲೋಕಲ್, ಪಂಚರ್, ಘಾಟಿಯಲ್ಲಿ ಬ್ರೇಕ್‌ಡೌನ್. ಡಾಕ್ಟರು ಅದನ್ನೂ ಅಷ್ಟೇ ಗಂಭೀರವಾಗಿ ಗುರುತು ಹಾಕಿಕೊಂಡರು. “ಘಾಟಿ ಯಾವುದು?” ಎಂದು ಒಮ್ಮೆ ಕೇಳಿದ್ದರು. “ಆಗುಂಬೆ,” ಎಂದ. ಆ ವಾರ ಅವನ ಮಾತ್ರೆ ಬದಲಾಯಿಸಿದರು.

ಕವಲೇದುರ್ಗದ ಹುಡುಗಿ ಆ ಮಳೆಗಾಲ ದಾಟಲಿಲ್ಲ. ಅವಳ ಕೊನೆಯ ವಾರದಲ್ಲಿ ಎರಡು ಬೆಟ್ಟೆ ಇತ್ತು. ಅವಳು ಹೋದ ಮೇಲಿನ ಒಂದು ಶುಕ್ರವಾರ ಅವಳ ತಾಯಿ ಅದೇ ಬಸ್ಸಿಗೆ ತೀರ್ಥಹಳ್ಳಿಗೆ ಬಂದು, ಅದೇ ಬೆಂಚಿನಲ್ಲಿ, ಸರದಿಯಲ್ಲಿ ಕೂತರು. ಹಿಂದಿನ ಸೋಮವಾರ ತಪ್ಪಿಸಿದ್ದರಿಂದ ಆ ದಿನ ನಾನೂ ಅಲ್ಲಿದ್ದೆ. ಅವರನ್ನು ಎಬ್ಬಿಸಿ ಕಳುಹಿಸಬೇಕೋ ಬೇಡವೋ ಎಂದು ಯಾರಿಗೂ ತಿಳಿಯಲಿಲ್ಲ. ಸರದಿ ಬಂದಾಗ ಅವರು ಒಳಗೆ ಹೋದರು.

“ನಿದ್ದೆ ಹೇಗಿತ್ತು?” ಎಂದು ಡಾಕ್ಟರು ಕೇಳಿದ್ದು ಹೊರಗೆ ಕೇಳಿಸಿತು.

“ಯಾರದ್ದು?” ಎಂದರು ತಾಯಿ.

“ನಿಮ್ಮದು.”

ಹೊರಗೆ ಬರುವಾಗ ಅವರ ಕೈಯಲ್ಲಿ ಗೊಬ್ಬರದಂಗಡಿಯ ಹೊಸ ಡೈರಿಯಿತ್ತು.

ನನಗೆ ಆಗ ಹದಿನೇಳು. ಪಿಯುಸಿ ನಡುವೆ ನಿಂತುಹೋಗಿತ್ತು. ಆಪರೇಷನ್ ಆಗಬೇಕು, ತಡ ಮಾಡುವ ಹಾಗಿಲ್ಲ ಎಂದು ಬೆಂಗಳೂರಿನ ಆಸ್ಪತ್ರೆಯಿಂದ ಬರೆದಿದ್ದರು. ಒಪ್ಪಿಗೆಯ ಕಾಗದಕ್ಕೆ ಅಪ್ಪನ ಸಹಿ ಬೇಕಿತ್ತು. ಅಮ್ಮನನ್ನು ಕೇಳಿದ್ದರೆ ಮೊದಲ ದಿನವೇ ಹಾಕುತ್ತಿದ್ದಳು. ಕಾಗದದಲ್ಲಿ ಅವಳಿಗೆ ಜಾಗವಿರಲಿಲ್ಲ. ಅಪ್ಪ ಆ ಕಾಗದವನ್ನು ಮಡಿಸಿ ಡಾಕ್ಟರ ಮೇಜಿಗೇ ವಾಪಸು ಇಟ್ಟಿದ್ದ.

“ಹುಡುಗಿ ಅಡ್ಡಿಲ್ಲ. ಉಣ್ತಾಳೆ, ಓಡಾಡ್ತಾಳೆ.”

“ಮಲಗೋಕೆ ಮೂರು ದಿಂಬು ಬೇಕಾಗಿದೆ ಅವಳಿಗೆ. ಹೋದ ವರ್ಷ ಒಂದು ಸಾಕಾಗ್ತಿತ್ತು. ಎದೆಯಲ್ಲಿ ನೀರು ತುಂಬ್ಕೊಳ್ತಿದೆ, ಅದಕ್ಕೆ ಚಪ್ಪಟೆ ಮಲಗೋಕಾಗಲ್ಲ.”

“ಅದೊಂದು ಅಭ್ಯಾಸ. ಮಹಾರಾಣಿ ಇವ್ಳು.”

ನನ್ನ ಡೈರಿ ಓದಿಸಿದರು. ಓದಿದೆ. “ಎಚ್ಚರ ನಾಲ್ಕು ಸಲ. ಎರಡು ಸಲ ಉಸಿರು ಕಟ್ಟಿ. ಎರಡು ಸಲ ಅಪ್ಪ.”

“ಅಪ್ಪ ಅಂದ್ರೆ?”

“ನಿದ್ದೆ ಬಂತಾ ಅಂತ ಕೇಳೋಕೆ ಎಬ್ಬಿಸಿದ್ರು.”

ಡಾಕ್ಟರು ನಗಲಿಲ್ಲ. ಅಪ್ಪನ ಕಡೆ ತಿರುಗಿ, ಬಹುಶಃ ಬಸ್ಸಿನಲ್ಲೇ ಸಿದ್ಧಮಾಡಿಕೊಂಡು ಬಂದಿದ್ದ ಮಾತನ್ನು ಹೇಳಿದರು. “ನೀವು ಅಡಿಕೆ ಹೊರಗಿಂದ ನೋಡಿ ದರ್ಜೆ ಹೇಳ್ತೀರೋ, ಒಡೆದು ನೋಡ್ತೀರೋ?”

“ಒಡೆದು ನೋಡ್ತೀನಿ.”

“ಹಾಗೇ ಇದೂ.”

“ಒಡೆದ ಅಡಿಕೆನ ನಾವು ವಾಪಸ್ ಮೂಟೆಗೆ ಹಾಕಲ್ಲ ಡಾಕ್ಟ್ರೇ,” ಎಂದ ಅಪ್ಪ.

ಡಾಕ್ಟರು ಕೈಗಡಿಯಾರಕ್ಕೆ ಕೀಲಿ ಕೊಟ್ಟರು. ಆಮೇಲೆ ಚೀಲದಿಂದ ಒಂದು ಡೈರಿ ತೆಗೆದು ಅಪ್ಪನ ಮುಂದೆ ಇಟ್ಟರು.

“ಎಂತ ಇದು? ನಂಗೆಂತ ಆಗಿದೆ?”

“ಅವಳ ನಿದ್ದೆ ಕೆಡಿಸ್ತಿರೋದು ಅರ್ಧ ನೀವು. ನಿಮ್ಮ ಲೆಕ್ಕ ಇಲ್ಲದೆ ಅವಳ ಲೆಕ್ಕ ಪೂರ್ತಿ ಆಗಲ್ಲ. ಜೇಬಲ್ಲಿರಲಿ.”

ಅಪ್ಪ ಲೆಕ್ಕದ ಮನುಷ್ಯ. ಪೂರ್ತಿಯಾಗದ ಲೆಕ್ಕ ಎಂದ ಮೇಲೆ ಅವನು ತೆಗೆದುಕೊಳ್ಳಲೇಬೇಕಿತ್ತು. ಅವನು ಬರೆಯುತ್ತಾನೆಂದು ನಾನು ನಂಬಿರಲಿಲ್ಲ. ಮಂಡಿಯಲ್ಲಿ ಅವನ ಜೊತೆಗಿದ್ದವರು, ಮೂಟೆಯ ಪಕ್ಕ ನಿಂತು ಜೇಬಿನಿಂದ ಪುಸ್ತಕ ತೆಗೆದು ಏನೋ ಗೀಚಿಕೊಳ್ಳುತ್ತಾನೆ, ಹೊಸ ಧಾರಣೆ ಏನಾದರೂ ತಿಳಿದಿದೆಯಾ ಎಂದು ಮನೆಗೆ ಬಂದು ಅಮ್ಮನನ್ನು ಕೇಳಿದ್ದರು. ಅಮ್ಮ, “ನಂಗೂ ಗೊತ್ತಿಲ್ಲ, ಗೊತ್ತಾದ್ರೆ ನಿಮ್ಗೂ ಹೇಳ್ತೀನಿ,” ಎಂದಳು.

ತಿಂಗಳಾದ ಮೇಲೆ ಡಾಕ್ಟರು ಅಪ್ಪನನ್ನು ಓದಲು ಹೇಳಿದರು. ಅವನು ಎದ್ದು ನಿಂತ. ಕೂತು ಓದಿ ಎಂದರೂ ಕೂರಲಿಲ್ಲ. ಕನ್ನಡಕ ಹಾಕಿಕೊಂಡ.

“ಪುಟದಲ್ಲಿ ಭಾನುವಾರ, ಅಂದ್ರೆ ಸೋಮವಾರ. ಎದ್ದೆ. ಹೋಗಿ ನೋಡಿದೆ. ಉಸಿರಾಡ್ತಿದ್ಲು. ಮಲಗಿದೆ. ಪುಟದಲ್ಲಿ ಸೋಮವಾರ, ಅಂದ್ರೆ ಮಂಗಳವಾರ. ಎದ್ದೆ. ನೋಡಿದೆ. ಉಸಿರಾಡ್ತಿದ್ಲು. ಬುಧವಾರ ಹಂಗೇ.” ಪುಟ ತಿರುವಿದ. “ಗುರುವಾರ.” ಕನ್ನಡಕ ತೆಗೆದ. “ಅಷ್ಟೇ.”

“ಬರೆದಿದೆಯಲ್ಲ, ಓದಿ.”

“ಎಂತ ಇಲ್ಲ ಅದ್ರಲ್ಲಿ.”

“ಇಲ್ಲದ್ದನ್ನೇ ಓದಿ.”

ಅಪ್ಪ ಕನ್ನಡಕ ಹಾಕಿಕೊಳ್ಳದೆಯೇ ಹೇಳಿದ. “ಗುರುವಾರ. ಎದ್ದೆ. ಹೋಗಿ ನೋಡಕ್ಕೆ ಧೈರ್ಯ ಆಗ್ಲಿಲ್ಲ. ಬೆಳಗಾಗೋ ತನಕ ಕೂತಿದ್ದೆ. ಅವ್ಳು ಕೆಮ್ಮಿದ್ದು ಕೇಳ್ತು. ಆಮೇಲೆ ಮುಖ ತೊಳೆದೆ.”

ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದೆ. ಅದು ಮಾತ್ರ ಆ ವರ್ಷದ್ದೇ ಆಗಿತ್ತು.

“ದರ್ಜೆ?” ಎಂದರು ಡಾಕ್ಟರು.

“ಹಾಕಿಲ್ಲ.”

“ಯಾಕೆ?”

“ಗೊರಬಲಿಗಿಂತ ಕೆಳಗಿಂದನ್ನ ನಾವು ಮಂಡಿ ಒಳಗೇ ತಗೊಳ್ಳಲ್ಲ.”

ಡಾಕ್ಟರು ಗುರುತು ಹಾಕಿಕೊಂಡರು. ಆಪರೇಷನ್ನಿನ ಮಾತೇ ಎತ್ತಲಿಲ್ಲ. ಮುಂದಿನವರನ್ನು ಕರೆದರು. ನಾವು ಬಾಗಿಲವರೆಗೆ ಹೋದೆವು. ಅಲ್ಲಿ ಅಪ್ಪ ನಿಂತ.

“ಆ ಕಾಗದ ಎಲ್ಲಿ?”

“ಯಾವ ಕಾಗದ?”

“ಗೊತ್ತಿಲ್ದಿದ್ದ ಹಾಗೆ ಮಾಡ್ಬೇಡಿ.”

ಅವರು ಚೀಲದಿಂದ ತೆಗೆದರು. ಅವನು ಮಡಿಸಿದ ಮಡಿಕೆ ಹಾಗೇ ಇತ್ತು. ಪ್ರತಿ ವಾರ ಅದನ್ನು ಮೂರು ಊರಿಗೂ ಹೊತ್ತು ತಿರುಗಿದ್ದರೆಂದು ಕಾಣುತ್ತದೆ, ಅಂಚೆಲ್ಲ ಸವೆದಿತ್ತು. ಅಪ್ಪ ನಿಂತುಕೊಂಡೇ, ಬಾಗಿಲಿಗೆ ಒತ್ತಿ ಹಿಡಿದು ಸಹಿ ಹಾಕಿದ.

ಆಪರೇಷನ್ ಆಯಿತು. ಇದನ್ನು ಬರೆಯುತ್ತಿರುವುದು ನಾನೇ ಆದ್ದರಿಂದ ಅದರ ಫಲಿತಾಂಶವನ್ನು ಬೇರೆ ಹೇಳಬೇಕಿಲ್ಲ. ಓದು ಮುಂದುವರಿಸಿದೆ, ಮೈಸೂರಿಗೆ ಹೋಗಿ ಎಂ.ಎ. ಮುಗಿಸಿದೆ. ಹಾಸ್ಟೆಲಿನಲ್ಲಿ ನನಗೆ ಒಂದು ದಿಂಬು ಸಾಕಾಯಿತು.

ಅವರು ನಿವೃತ್ತರಾದ ಮೇಲೆ ಮಂಡ್ಯಕ್ಕೆ ಹೋಗಲಿಲ್ಲ. ತೀರ್ಥಹಳ್ಳಿಯಲ್ಲಿ ಒಂದು ಕೋಣೆ ಹಿಡಿದು ಉಳಿದರು. ಹೋದ ವರ್ಷ ನಾನು ನೋಡಲು ಹೋಗಿದ್ದೆ. ನಿದ್ದೆ ಹೇಗಿತ್ತು ಎಂದು ಕೇಳಿದರು. ಹೇಳಿದೆ. ಆಮೇಲೆ ನಾನು, ಅಷ್ಟು ವರ್ಷದಲ್ಲಿ ಮೊದಲ ಸಲ, “ನಿಮ್ಮದು?” ಎಂದೆ.

“ಹಾಸಿಗೆ ಮೇಲೆ ಬರಲ್ಲ,” ಎಂದರು. “ಅಭ್ಯಾಸ ತಪ್ಪಿದೆ. ವಾರಕ್ಕೆ ಎರಡು ಸಲ ಆ ಹುಂಚದವನ ಬಸ್ಸಿಗೆ ಹೋಗ್ತೀನಿ. ಸಾಗರಕ್ಕೆ ಹೋಗಿ, ಅದೇ ಬಸ್ಸಿಗೆ ವಾಪಸ್ಸು. ಹುಂಚ ಬಂದಾಗ ಕಣ್ಣು ಬಿಟ್ಟು ಅವನ ದರ್ಜೆ ಕೇಳ್ತೀನಿ. ಮತ್ತೆ ಮಲಗ್ತೀನಿ.”

“ಏನು ಹೇಳ್ತಾನೆ?”

“ಹೆಚ್ಚಾಗಿ ಲೋಕಲ್. ಮಗು ಹುಟ್ಟಿದ ದಿನ ಎಕ್ಸ್‌ಪ್ರೆಸ್ ಅಂದ.”

ಸುದ್ದಿ ತಿಳಿದ ಆ ಸಂಜೆ ಸಾಗರದಲ್ಲಿ ಇಳಿಯುವಾಗ ಕಂಡಕ್ಟರನನ್ನು ನಾನೇ ಕೇಳಿದೆ, ಇವತ್ತು ಯಾವ ದರ್ಜೆ ಎಂದು. ಅವನು “ಘಾಟಿ,” ಎಂದ. ಯಾವ ಘಾಟಿ ಎಂದು ನಾನು ಕೇಳಲಿಲ್ಲ.

ಮನೆಗೆ ಬಂದಾಗ ಅಪ್ಪ ಜಗಲಿಯಲ್ಲಿ ಕೂತಿದ್ದ. ಈಗ ಅವನು ಮಂಡಿಗೆ ಹೋಗುವುದಿಲ್ಲ, ಆದರೆ ದೊಡ್ಡ ತಕರಾರು ಬಂದರೆ ಯಾರಾದರೂ ನಾಲ್ಕು ಅಡಿಕೆ ಹಿಡಿದು ಮನೆಗೇ ಬರುತ್ತಾರೆ. ಅವನು ಹಸ ಎಂದದ್ದನ್ನು ನಾನು ಕೇಳಿದ್ದು ಕಡಿಮೆ. ನನಗೆ ಎಂ.ಎ.ಯಲ್ಲಿ ಮೊದಲನೇ ದರ್ಜೆ ಬಂದಾಗಲೂ, ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, “ಬೆಟ್ಟೆ,” ಎಂದಿದ್ದ.

ಚಪ್ಪಲಿ ಬಿಟ್ಟು ಅವನ ಪಕ್ಕ ಕೂತು ಡಾಕ್ಟರ ಸುದ್ದಿ ಹೇಳಿದೆ.

“ಹೆಂಗಂತೆ?” ಎಂದ.

“ಬಸ್ಸಲ್ಲಿ. ನಿದ್ದೆಯಲ್ಲೇ. ಹುಂಚದಲ್ಲಿ ಕಣ್ಣು ಬಿಡಲಿಲ್ಲವಂತೆ.”

“ಮಧ್ಯ ಎಚ್ಚರ ಆಗಿತ್ತಂತಾ?”

“ಇಲ್ಲ.”

“ಯಾರೂ ಎಬ್ಬಿಸಲಿಲ್ಲ?”

“ಇಲ್ಲಪ್ಪ.”

ಅಪ್ಪ ಅಂಗಿಯ ಜೇಬಿಗೆ ಕೈ ಹಾಕಿದ. ಅಲ್ಲಿ ಈಗ ಡೈರಿ ಇಲ್ಲ. ರಸ್ತೆಯ ಕಡೆ ನೋಡುತ್ತಾ, ಮೂಟೆಯ ಮುಂದೆ ನಿಂತಾಗ ತೆಗೆದುಕೊಳ್ಳುತ್ತಿದ್ದಷ್ಟೇ ಹೊತ್ತು ತೆಗೆದುಕೊಂಡ.

“ಹಸ,” ಎಂದ.